ಕಾಕಾ ಮಾಡಿದ ಮಷೀನು

ನನ್ನ ತಂದೆಯ ತಮ್ಮ, ಅಂದರೆ ನನ್ನ ಕಾಕಾ, ಮೂಡಲಗಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮೋಟಾರು ಸುಟ್ಟರೂ ಅದು ಅವನ ತಗಡಿನ ಶೆಡ್ಡಿಗೇ ಬರುತ್ತಿತ್ತು. ರಿಪೇರಿಯಿಂದ ಮನೆ ನಡೆಯುತ್ತಿತ್ತು, ಆದರೆ ಅವನ ಜೀವವೆಲ್ಲ ಇದ್ದದ್ದು ಹೊಸದೇನಾದರೂ ಮಾಡುವುದರಲ್ಲಿ. ಗೋಕಾಕಕ್ಕೆ ಬಂದಾಗಲೆಲ್ಲ ಗುಜರಿ ಅಂಗಡಿಗೆ ಹೋಗಿ ಹಳೆಯ ಕಬ್ಬಿಣದ ರಾಶಿ ಕೆದಕುತ್ತ ಕೂಡುವವನು. ಕೆಟ್ಟು ನಿಂತ ಟ್ರ್ಯಾಕ್ಟರಿನ ಗೇರು, ಬಿರುಕು ಬಿಟ್ಟ ಎಂಜಿನ್ನಿನ ಚಕ್ರ, ಯಾವುದೋ ಮಗ್ಗದ ಶಾಫ್ಟು ಆರಿಸಿಕೊಂಡು, ಅವನ್ನೆಲ್ಲ ಚೀಲದಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿಸುತ್ತಿದ್ದ.

ಹೀಗೆ ಆರಿಸಿ ತಂದ ಸಾಮಾನುಗಳಿಂದಲೇ ಅವನು ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುವ ಮಷೀನು ಮಾಡಿದ. ಅಂಗಡಿಯಲ್ಲಿ ಸಿಗುವ ಮಷೀನುಗಳಿಗಿಂತ ಅದರ ಬಾಯಿ ಅಗಲ. ಬುಟ್ಟಿಗಟ್ಟಲೆ ತೆನೆಯನ್ನು ಒಮ್ಮೆಲೇ ಸುರಿಯಬಹುದಿತ್ತು. ಮೊದಲ ಸಲ ಚಾಲೂ ಮಾಡುವ ದಿನ ನಾನೂ ಅಲ್ಲಿದ್ದೆ. ಕಾಕಾ ಅದರ ಹಣೆಗೆ ವಿಭೂತಿ ಎಳೆದ, ಕಾಯಿ ಒಡೆದ, ಬೆಲ್ಟು ಹಾಕಿದ. ಅದು ಕೆಮ್ಮಿತು, ಅಲುಗಾಡಿತು, ಆಮೇಲೆ ಇಡೀ ಶೆಡ್ಡು ನಡುಗುವಂತೆ ಕೂಗಿತು. ಕೆಳಗಿನಿಂದ ಹಳದಿ ಕಾಳು ಧೋ ಎಂದು ಸುರಿಯಿತು.

"ಕೇಳಿದೇನವಾ? ಕೂಸು ಅತ್ತಂಗ ಆತು," ಎಂದ ಕಾಕಾ. ಅವನ ಕಣ್ಣು ಒದ್ದೆಯಾಗಿತ್ತು. ಕಾಕು, ಅವನ ಹೆಂಡತಿ, "ಹೆಣ್ಮಕ್ಕಳು ಹುಟ್ಟಿದಾಗ ಒಂದ್ ಸಲಾನೂ ಹಿಂಗ ಅತ್ತಾವಲ್ಲ," ಎಂದು ನಕ್ಕಳು.

ಆ ಮಷೀನನ್ನು ಕೌಜಲಗಿಯ ಒಂದು ಮುಸ್ಲಿಂ ರೈತ ಮನೆತನ ಕೊಂಡಿತು. ಅದು ಚೆನ್ನಾಗಿ ನಡೆದದ್ದನ್ನು ನೋಡಿ ಘೋಡಗೇರಿಯಿಂದ, ಹುಕ್ಕೇರಿ ಕಡೆಯಿಂದ ಇನ್ನೂ ಕೆಲವರು ಬಂದು ಮಾಡಿಸಿಕೊಂಡು ಹೋದರು. ಎಲ್ಲರೂ ಕೇಳಿದ್ದು ಒಂದನ್ನೇ, ಕೆಲಸ ಲಗೂನ ಆಗಬೇಕು, ಬೇಗ ಮುಗಿಯಬೇಕು.

ನಾನು ಆಗ ಗೋಕಾಕದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆ ವರ್ಷ ಬಿಎ ತರಗತಿಗೆ ಒಂದು ಹಳೆಯ ಭಯಾನಕ ಕಾದಂಬರಿ ಪಠ್ಯವಾಗಿತ್ತು. ಕಲಿತ ತರುಣನೊಬ್ಬ ಸತ್ತವರ ಅಂಗಗಳನ್ನು ಜೋಡಿಸಿ ಅದಕ್ಕೆ ಜೀವ ಕೊಡುತ್ತಾನೆ. ಅದು ಕಣ್ಣು ತೆರೆದ ಗಳಿಗೆಯಲ್ಲೇ ಹೇಸಿ, ಹೆದರಿ, ಅದನ್ನು ಬಿಟ್ಟು ಓಡಿಹೋಗುತ್ತಾನೆ. ಮುಂದೆ ಆಗುವ ಅನಾಹುತವೆಲ್ಲ ಆ ಓಟದಿಂದಲೇ ಹುಟ್ಟುವಂಥದ್ದು. ಕಾಕಾನಿಗೆ ನನ್ನ ಪಾಠದ ಕತೆಗಳನ್ನು ಕೇಳುವ ಚಟವಿತ್ತು. ಭಾನುವಾರ ಮೂಡಲಗಿಗೆ ಹೋದಾಗ, ಶೆಡ್ಡಿನ ಮುಂದೆ ಚಹಾ ಕುಡಿಯುತ್ತ ಇದನ್ನೂ ಹೇಳಿದೆ.

"ಅದಕ್ಕ ಹೆಸರರೆ ಇಟ್ನೋ ಇಲ್ಲೋ?" ಎಂದು ಕೇಳಿದ.

"ಇಲ್ಲ ಕಾಕಾ. ಕಡೀತನಕ ಹೆಸರ ಇಡಲಿಲ್ಲ."

"ಎಂಥಾ ಮನಷ್ಯಾ ಇದ್ದಾನ ನೋಡ. ನಾ ಒಂದ ಮೋಟಾರ ಕಟ್ಟಿ ಕೊಟ್ರೂ ನಾಕ ದಿನ ಬಿಟ್ಟ ಹೋಗಿ ಹೆಂಗ ನಡದೈತಿ ಅಂತ ಕೇಳಿ ಬರ್ತೀನಿ. ಜೀವಾ ಕೊಟ್ಟಾವ ಹೊಳ್ಳಿ ನೋಡಬ್ಯಾಡೇನ?"

ಬಸಿಯಲ್ಲಿದ್ದ ಚಹಾವನ್ನು ಊದಿ ಕುಡಿದು, ಇನ್ನೂ ಸ್ವಲ್ಪ ಹೊತ್ತು ಆ ತರುಣನನ್ನು ಬೈದ.

ದೀಪಾವಳಿ ಮುಗಿದು ಗೋವಿನಜೋಳದ ಸುಗ್ಗಿ ಜೋರಾಗಿದ್ದಾಗ ಕಾಕುವಿನ ಫೋನು ಬಂತು. ಕೌಜಲಗಿಯ ಆ ಮನೆಯ ಮಗಳ ಬಲಗೈ ಮಷೀನಿನಲ್ಲಿ ಸಿಕ್ಕಿದೆ. ಗೋಕಾಕದ ಆಸ್ಪತ್ರೆಗೆ ತಂದಿದ್ದಾರೆ. ಸುದ್ದಿ ಕೇಳಿದವನೇ ಕಾಕಾ ಶೆಡ್ಡಿನ ಬಾಗಿಲು ಹಾಕಿಕೊಂಡು ಹೋದವನು ಎಲ್ಲಿಗೆ ಹೋದನೋ ಗೊತ್ತಿಲ್ಲ, ಅವನ ಫೋನು ಬಂದ್ ಆಗಿದೆ.

ನಾನು ಕಾಲೇಜಿನಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಕೈಯನ್ನು ಉಳಿಸಲು ಆಗಿರಲಿಲ್ಲ. ಮೊಣಕೈ ಕೆಳಗೆ ತೆಗೆದುಹಾಕಿದ್ದರು. ಹುಡುಗಿಗೆ ಮತ್ತಿನಲ್ಲಿ ಮೈಮೇಲೆ ಎಚ್ಚರವಿರಲಿಲ್ಲ. ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು. ಎಡಗೈಯ ಹಸಿರು ಬಳೆಗಳು ಹಾಗೆಯೇ ಇದ್ದವು. ಹೊರಗೆ ಬೆಂಚಿನ ಮೇಲೆ ಅವಳ ತಾಯಿ ಕೂತಿದ್ದಳು. ನಾನು ಯಾರೆಂದು ಹೇಳಿದೆ. ಅವಳು ಬೈಯಬಹುದು ಎಂದುಕೊಂಡಿದ್ದೆ. ಅವಳು ಸರಿದು ನನಗೆ ಕೂಡಲು ಜಾಗ ಮಾಡಿದಳು.

"ತೆನಿ ನೂಕಾಕ ಹೋಗ್ಯಾಳ್ರಿ. ಬಾಯಾಗ ತೆನಿ ಸಿಕ್ಕೊಂಡಿತ್ತಂತ," ಎಂದಳು. ಆಮೇಲೆ, "ಮಷೀನ ಮಾಡಿದವ್ರು ಬರಲಿಲ್ಲೇನ್ರಿ?" ಎಂದು ಕೇಳಿದಳು.

ಅದರಲ್ಲಿ ಸಿಟ್ಟಿರಲಿಲ್ಲ. ಬರಬೇಕಾದವರು ಬಂದಿಲ್ಲ ಎಂದು ಲೆಕ್ಕಕ್ಕೆ ತಂದುಕೊಳ್ಳುವಂತೆ ಕೇಳಿದಳು.

ಮರುದಿನ ಹುಕ್ಕೇರಿಯಿಂದ ಅತ್ತಿ ಫೋನು ಮಾಡಿದಳು. ಅತ್ತಿ ಎಂದರೆ ನನ್ನ ತಂದೆಗೂ ಕಾಕಾನಿಗೂ ಅಕ್ಕ. "ಇಲ್ಲೇ ಬಂದ ಕುಂತಾನ. ಉಣ್ಣವಲ್ಲ, ಮಾತಾಡವಲ್ಲ. ಬಂದ ಕರ್ಕೊಂಡ ಹೋಗ," ಎಂದಳು.

ನಾನು ಹೋದಾಗ ಕಾಕಾ ಹಿತ್ತಲಲ್ಲಿ ನೆಲಕ್ಕೆ ಕೂತು ಶೇಂಗಾ ಸುಲಿಯುತ್ತಿದ್ದ. ಮನೆಯಲ್ಲಿ ಹಾಕಿಕೊಳ್ಳುವ ಹವಾಯಿ ಚಪ್ಪಲಿಯಲ್ಲೇ ಬಂದುಬಿಟ್ಟಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿದ.

"ಆ ಹುಡುಗಿ ಹೆಂಗದಾಳ?"

"ಕೈ ತೆಗದಾರ ಕಾಕಾ."

ಅವನ ಬೆರಳುಗಳು ನಿಂತವು. ಸುಲಿದ ಕಾಳುಗಳನ್ನು ಮತ್ತೆ ಸಿಪ್ಪೆಯ ರಾಶಿಗೇ ಹಾಕಿದ, ಅದು ಅವನಿಗೆ ತಿಳಿಯಲೂ ಇಲ್ಲ.

"ನಾ ಹೋಗಿ ಏನ ಹೇಳ್ಲಿ ಅವರಿಗೆ? ಆ ಬಾಯಿಗೆ ಮುಚ್ಚಳ ಮಾಡಿದ್ನಿ ನಾ. ಖರೆ ಹೇಳ್ತೀನಿ, ಮಾಡಿದ್ನಿ. ಹಾಕಿ ನೋಡಿದ್ರ ತೆನಿ ಸಾವಕಾಶ ಇಳೀತಿದ್ವು. ತೆಗೆದು ಮೂಲ್ಯಾಗ ಒಗದ್ನಿ. ಶೆಡ್ಡಿನ್ಯಾಗ ಇನ್ನೂ ಬಿದ್ದೈತಿ ಅದು."

ಅತ್ತಿ ಬಾಗಿಲಲ್ಲಿ ನಿಂತಿದ್ದಳು. "ತಮ್ಮಾ, ಬೇಕಾದ್ರ ತಿಂಗಳಗಟ್ಟಲೆ ಇರು, ಉಣ್ಣಾಕ ಹಾಕ್ತೀನಿ. ಆದ್ರ ಅಡಗಿ ಕುಂದ್ರಾಕ ಈ ಮನಿ ಇಲ್ಲ," ಎಂದು ಒಳಗೆ ಹೋದಳು.

ಕಾಕಾ ಅಳಲಿಲ್ಲ. ತೊಡೆಯ ಮೇಲಿನ ಸಿಪ್ಪೆ ಕೊಡವುತ್ತ, "ನಿನ್ನ ಪುಸ್ತಕದಾಗಿನ ಆ ಹುಡುಗನ್ನ ಭಾಳ ಬೈದಿದ್ನೆಲ್ಲ ನಾ," ಎಂದ. "ಅಂವಾ ಹೊಳ್ಳಿ ಹೋದ್ನೇನ?"

"ಹೋದ. ಆದ್ರ ಆಗ ಎಲ್ಲಾ ಮುಗದಿತ್ತು."

ಅವನು ಎದ್ದು ಕೈ ತೊಳೆದುಕೊಂಡ. ಅತ್ತಿಯ ಗಂಡನ ಒಂದು ಬಿಳಿ ಅಂಗಿ ಕೇಳಿ ಹಾಕಿಕೊಂಡ. ಇಬ್ಬರೂ ಗೋಕಾಕದ ಬಸ್ಸು ಹತ್ತಿದೆವು.

ಆಸ್ಪತ್ರೆಯಲ್ಲಿ ಅಂದು ಹುಡುಗಿಗೆ ಎಚ್ಚರವಿತ್ತು. ತಂದೆ, ತಾಯಿ ಇಬ್ಬರೂ ಹಾಸಿಗೆಯ ಬಳಿ ಇದ್ದರು. ತಂದೆ ಕಾಕಾನನ್ನು ಕಂಡು ಎದ್ದು ನಿಂತ, ಕೈ ಮುಷ್ಟಿಯಾಯಿತು, ಮತ್ತೆ ಕೂತ. ಕಾಕಾ ಕೈ ಮುಗಿದುಕೊಂಡು ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತುಬಿಟ್ಟ. ಮೊದಲು ಮಾತಾಡಿದ್ದು ಹುಡುಗಿ.

"ಅದರ ಬಾಯಿಗೆ ಮುಚ್ಚಳ ಯಾಕ ಇದ್ದಿಲ್ರಿ?"

ಅವನು ಸುಳ್ಳು ಹೇಳಬಹುದಿತ್ತು. ಅಂಥ ಮಷೀನುಗಳು ಇರುವುದೇ ಹಾಗೆ ಎನ್ನಬಹುದಿತ್ತು. ಮುಂದೆ ಹೋದಲ್ಲೆಲ್ಲ ಜನ ಅವನಿಗೆ ಆ ಮಾತನ್ನೇ ಸಮಾಧಾನಕ್ಕೆಂದು ಹೇಳಿದರು.

"ಹಾಕಿದ್ರ ಕೆಲಸಾ ಸಾವಕಾಶ ಆಗ್ತಿತ್ತವಾ," ಎಂದ. "ಅದಕ್ಕ ತಗದ್ನಿ."

ಹುಡುಗಿ ಅವನನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿದಳು. ನಾವು ಅಲ್ಲಿದ್ದಷ್ಟು ಹೊತ್ತೂ ಈ ಕಡೆ ತಿರುಗಲಿಲ್ಲ.

ಅಂದಿನಿಂದ ಕಾಕಾ ಹೊಸ ಮಷೀನು ಯಾವುದನ್ನೂ ಮಾಡಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಮುಚ್ಚಳವನ್ನು ಅಳತೆಗೆ ಇಟ್ಟುಕೊಂಡು, ತಾನು ಮಾಡಿಕೊಟ್ಟ ಪ್ರತಿಯೊಂದು ಮಷೀನಿಗೂ ಒಂದೊಂದು ಮುಚ್ಚಳ ಮಾಡಿದ. ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ತಾನೇ ಕೂಡಿಸಿ ಬಂದ. ಹೆಚ್ಚಿನವರು ಸುಮ್ಮನೆ ಹಾಕಿಸಿಕೊಂಡರು. ಘೋಡಗೇರಿಯ ಒಬ್ಬ ರೈತ ಮಾತ್ರ ಒಪ್ಪಲಿಲ್ಲ. ಇವನು ಹಾಕಿ ಬಂದರೆ ಅವನು ತೆಗೆದಿಡುತ್ತಿದ್ದ. ಕಾಕಾ ಮತ್ತೆ ಹೋಗುತ್ತಿದ್ದ. ಕೊನೆಗೆ ಒಂದು ದಿನ ಆ ಹೊಲದಲ್ಲಿ ತೆನೆಯ ರಾಶಿಯ ಪಕ್ಕ ಕೂತು, ಮುಚ್ಚಳ ಹಾಕದೆ ಚಾಲೂ ಮಾಡುವುದಾದರೆ ಮೊದಲು ನನ್ನ ಕೈ ಅದರೊಳಗೆ ಹಾಕು ಎಂದನಂತೆ. ಆ ರೈತನೇ ನನಗೆ ಇದನ್ನು ಆಮೇಲೆ ಹೇಳಿದ್ದು. "ನಿಮ್ಮ ಕಾಕಾಗ ಅವತ್ತ ತಲಿ ಸರಿ ಇದ್ದಿಲ್ರಿ," ಎಂದ. ಮುಚ್ಚಳವನ್ನು ಮಾತ್ರ ಮತ್ತೆ ತೆಗೆದಿರಲಿಲ್ಲ.

ಕೌಜಲಗಿಯ ಮನೆಯಲ್ಲಿ ಬೇರೆಯದೇ ಸಂಕಟವಿತ್ತು. ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದಳು. ಸುಗ್ಗಿ ಇನ್ನೂ ಮುಗಿದಿರಲಿಲ್ಲ. ತೆನೆ ಹೊಲದಲ್ಲಿ ಬಿದ್ದಿತ್ತು, ಆಳುಗಳು ಸಿಗುತ್ತಿರಲಿಲ್ಲ. ಮುಚ್ಚಳ ಕೂಡಿಸಿದ ಅದೇ ಮಷೀನು ಮತ್ತೆ ಚಾಲೂ ಆಯಿತು. ಹೊಲ ಮನೆಯ ಹಿಂದೆಯೇ. ಕಾಕಾ ನೋಡಲು ಹೋದಾಗ ಅವಳು ಕೌದಿ ಹೊದ್ದು, ಉಳಿದ ಒಂದು ಕೈಯಿಂದ ಒಂದೇ ಕಿವಿ ಮುಚ್ಚಿಕೊಂಡು ಒಳಗೆ ಕೂತಿದ್ದಳು.

"ಕಾಕಾರ, ಅದರ ಆವಾಜ ಕೇಳಾಕ ಆಗವಲ್ದ್ರಿ," ಎಂದಳು. ಅವನನ್ನು ಅವಳು ಕಾಕಾ ಎಂದು ಕರೆದದ್ದು ಅದೇ ಮೊದಲು.

ಕಾಕಾ ಅವಳ ತಂದೆಯ ಜೊತೆ ಮಾತಾಡಿ, ಅವರಿಗೆ ಬೇರೊಂದು ಮಷೀನು ಬಾಡಿಗೆಗೆ ತಂದುಕೊಟ್ಟು, ತನ್ನದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮೂಡಲಗಿಗೆ ತಂದ. ಅದನ್ನು ಬಿಚ್ಚಿದ ದಿನ ನಾನು ಹೋಗಿದ್ದೆ. ಸುತ್ತಿಗೆಯಿಂದ ಒಡೆದು ಹಾಕುತ್ತಾನೆ ಎಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಕಟ್ಟಿದಷ್ಟೇ ನಿಧಾನವಾಗಿ, ಒಂದೊಂದೇ ನಟ್ಟು ಸಡಿಲಿಸಿ, ಗೇರು ಗೇರಿನ ಕಡೆ, ಶಾಫ್ಟು ಶಾಫ್ಟಿನ ಕಡೆ ಇಟ್ಟ. ಕಾಕು ಒಳಗಿಂದ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹುಡುಗಿಗೆ ಗೊತ್ತಾಗಿದ್ದ ಮದುವೆ ನಿಂತಿತು. ಗಂಡಿನ ಕಡೆಯವರು ಬೇಡವೆಂದು ಹೇಳಲಿಲ್ಲ, ಬರುವುದನ್ನು ಬಿಟ್ಟರು. ಆ ಸುದ್ದಿ ತಿಳಿದ ಮೇಲೆ ಕಾಕಾ ಅವಳಿಗಾಗಿ ಒಂದು ಕೈ ಮಾಡಿದ. ಹಗುರವಾದ ಅಲ್ಯೂಮಿನಿಯಮ್ಮಿನದು, ತೊಗಲಿನ ಪಟ್ಟಿ, ಬೆರಳುಗಳು ಒಂದಿಷ್ಟು ಮಡಚುತ್ತಿದ್ದವು. ಅವನ ಬೆರಳಿನ ಕೆಲಸವೆಲ್ಲ ಅದರಲ್ಲಿತ್ತು. ಕೌಜಲಗಿಗೆ ನನ್ನನ್ನೂ ಕರೆದೊಯ್ದ. ಹುಡುಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು.

"ಇದೂ ನೀವ ಮಾಡಿದ್ದೇನ್ರಿ?" ಎಂದಳು.

"ಹೂಂನವಾ."

ಅವಳು ಅದನ್ನು ಮೆಲ್ಲಗೆ ಅವನ ಕಡೆ ಸರಿಸಿದಳು. ಕಾಕಾ ಅದನ್ನು ಅರಿವೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

ನಾವು ಏಳುವಾಗ ಅವಳೇ ತಡೆದಳು. "ಒಂದ ಹಿಟ್ಟಿನ ಗಿರಣಿ ಹಾಕಿ ಕೊಡ್ತೀರೇನ್ರಿ? ಇಲ್ಲಿ ಓಣ್ಯಾಗಿನ ಹೆಣ್ಮಕ್ಕಳು ಜ್ವಾಳಾ ಬೀಸಾಕ ಊರ ಅಗಸಿ ಬಾಗಲಾ ತನಕ ಹೋಗ್ತಾರ. ನಾ ನಡಸ್ತೀನಿ." ಆ ಚೀಲದ ಕಡೆ ನೋಡಿ ಹೇಳಿದಳು, "ನೀವ ಮಾಡಬ್ಯಾಡ್ರಿ. ಅಂಗಡ್ಯಾಗಿಂದ ತರ್ರಿ."

ಗಿರಣಿಯ ದುಡ್ಡಿಗೆ ಕಾಕಾ ಶೆಡ್ಡಿನಲ್ಲಿದ್ದ, ಕಬ್ಬಿಣ ಕಡೆಯುವ ತನ್ನ ಲೇಥ್ ಮಾರಿದ. ಅದೊಂದಿಲ್ಲದಿದ್ದರೆ ಅವನು ಇನ್ನೇನನ್ನೂ ಮಾಡಲಾರ ಎಂದು ಎಲ್ಲರಿಗೂ ಗೊತ್ತಿತ್ತು. ಅಂಗಡಿಯ ಹೊಸ ಗಿರಣಿ ಕೌಜಲಗಿಗೆ ಬಂತು. ಅದರ ಬೆಲ್ಟಿಗೆ ಜಾಳಿಗೆ ಇತ್ತು, ಬಾಯಿಗೆ ಮುಚ್ಚಳ ಇತ್ತು. ಆದರೂ ಕಾಕಾ ಕೂತಲ್ಲಿ, ನಿಂತಲ್ಲಿ, ಎಲ್ಲೆಲ್ಲಿ ಕೈ ಹೋಗಬಹುದು ಎಂದು ತನ್ನ ಕೈಯನ್ನೇ ಚಾಚಿ ಚಾಚಿ ನೋಡಿದ. ಆಮೇಲೆ ತಿಂಗಳಿಗೊಮ್ಮೆ ಹೋಗಿ ಬೆಲ್ಟು ನೋಡಿ, ಎಣ್ಣೆ ಹಾಕಿ ಬರುವುದನ್ನು ತಪ್ಪಿಸಲಿಲ್ಲ. ಹುಡುಗಿ ಎಡಗೈಯಿಂದ ಡಬ್ಬಿ ಎತ್ತಿ ಸುರಿಯುವುದನ್ನು ಕಲಿತಳು. ಅವರಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವಳ ತಾಯಿ ಚಹಾ ಕೊಡುತ್ತಿದ್ದಳು, ಅವನು ಕುಡಿದು ಬರುತ್ತಿದ್ದ.

ಕೆಲವು ವರ್ಷಗಳ ಮೇಲೆ ಅವನಿಗೆ ಉಸಿರಾಟದ ತೊಂದರೆ ಶುರುವಾಯಿತು. ಮೋಟಾರ್ ಸೈಕಲ್ ಬಿಟ್ಟು ಬಸ್ಸಿನಲ್ಲಿ ಹೋಗುತ್ತಿದ್ದ. ಕಳೆದ ಮಳೆಗಾಲದಲ್ಲಿ ಹಾಸಿಗೆ ಹಿಡಿದ, ಏಳಲಿಲ್ಲ. ಸತ್ತವರನ್ನು ಕೂಡಿಸುವ ನಮ್ಮ ಪದ್ಧತಿಯಂತೆ ಅವನನ್ನು ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಬಂದವರೆಲ್ಲ ಒಬ್ಬೊಬ್ಬರಾಗಿ ಬಿಲ್ವಪತ್ರಿ ಹಾಕುತ್ತಿದ್ದರು. ಕೌಜಲಗಿಯಿಂದ ತಂದೆ, ತಾಯಿ, ಹುಡುಗಿ ಮೂವರೂ ಬಂದಿದ್ದರು. ಹುಡುಗಿ ಪತ್ರಿಯನ್ನು ಎಡಗೈಯಲ್ಲಿ ಹಿಡಿದು ಮುಂದೆ ಬಂದಳು. ಎಡಗೈ ಕಂಡು ಹಿರಿಯರೊಬ್ಬರು ಏನೋ ಹೇಳಲು ಬಾಯಿ ತೆರೆದರು. ಅಳುತ್ತಿದ್ದ ಕಾಕು ತಲೆಯೆತ್ತಿ, "ಹಾಕಲಿ ಬಿಡ್ರಿ," ಎಂದಳು. ಎಲ್ಲರೂ ಸರಿದು ದಾರಿ ಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಹುಡುಗಿ ಅಂಗಳದಲ್ಲಿ ನನ್ನ ಪಕ್ಕ ನಿಂತಳು.

"ಮೇಡಂ, ಸುಳ್ಳ ಯಾಕ ಹೇಳ್ಲಿ, ಅವರ ಮ್ಯಾಲಿನ ಸಿಟ್ಟ ನಂದು ಹೋಗಿಲ್ರಿ," ಎಂದಳು. "ರೊಟ್ಟಿ ಬಡಿಯೂ ಹೊತ್ತಿಗೆ ದಿನಾ ಬರ್ತೈತಿ ಅದು. ಆದ್ರ ಸುದ್ದಿ ಕೇಳಿದಾಗಿಂದ ಒಂದ ವಿಚಾರ ಹತ್ತೈತ್ರಿ, ಇನ್ನ ಬೆಲ್ಟ್ ನೋಡಾಕ ಯಾರ ಬರ್ತಾರ ಅಂತ."

ನಾನು ಅವಳ ಭುಜದ ಮೇಲೆ ಕೈ ಇಟ್ಟೆ. ಯಾರನ್ನಾದರೂ ಕಳಿಸುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ತನಗೆ ಬೇಕಾದದ್ದು ಅದಲ್ಲ ಎಂಬಂತೆ ಇತ್ತು. ತಾಯಿ ಕರೆದಳು, ಕೌಜಲಗಿಯ ಬಸ್ಸಿಗೆ ಹೊತ್ತಾಗಿತ್ತು. ಮೂವರೂ ಒಬ್ಬರ ಹಿಂದೊಬ್ಬರು ಸ್ಟ್ಯಾಂಡಿನ ಕಡೆ ಹೊರಟರು. ಒಳಗೆ ಕಾಕು ನನ್ನನ್ನು ಕೂಗುತ್ತಿದ್ದಳು.