ಅವಳ ಮುಖ ನೋಡಿ ಕೇಳಿ

ನನ್ನ ತಂಗಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಉದಯಗಿರಿಯ ನಮ್ಮ ಮನೆಯಲ್ಲಿ ಅವ್ವ, ನಾನು, ಅವಳು ಸೇರಿ ಒಂದು ಕೈಭಾಷೆಯನ್ನು ಕಟ್ಟಿಕೊಂಡಿದ್ದೆವು. ಮೂಗುಬೊಟ್ಟು ಮುಟ್ಟಿದರೆ ಅವ್ವ, ಜಡೆ ಎಳೆದರೆ ನಾನು. ಶಾಲೆಗೆ ಸೇರಿದ ಮೇಲೆ ತಂಗಿ ಸರಿಯಾದ ಸಂಜ್ಞೆಗಳನ್ನು ಕಲಿತು ನನಗೂ ಕಲಿಸಿದಳು. ಅವ್ವ ಮಾತ್ರ ಹಳೆಯ ನಾಲ್ಕಾರು ಗುರುತುಗಳಲ್ಲೇ ಉಳಿದಳು. ಊಟ, ನೀರು, ಬಾ, ಹೋಗು ಇಷ್ಟಕ್ಕೆ ಅವು ಸಾಕಾಗುತ್ತಿದ್ದವು.

ಮಂಡಿ ಮೊಹಲ್ಲಾದ ಟೈಲರ್ ಅಂಗಡಿಯೊಂದರಲ್ಲಿ ಕೆಲಸ ಮಾಡುವ, ತನ್ನಂತೆಯೇ ಕಿವಿ ಕೇಳಿಸದ ಹುಡುಗನನ್ನು ತಂಗಿ ತಾನೇ ಮೆಚ್ಚಿ ಮದುವೆಯಾದಳು. ಅವಳು ಬಸುರಿಯಾದಾಗ ಅವ್ವನಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು.

"ಇವ್ಳಿಗೂ ಕೇಳ್ಸಲ್ಲ, ಅವ್ನಿಗೂ ಕೇಳ್ಸಲ್ಲ. ಕೂಸು ಅತ್ರೆ ಎಂಗೆ ಗೊತ್ತಾಯ್ತದೆ? ಒಂದಾದ್ರೆ ಸಾಕು ಕಣೇ," ಎನ್ನುತ್ತಿದ್ದಳು. ಅದು ಬರೀ ಆತಂಕದ ಮಾತು ಎಂದುಕೊಂಡಿದ್ದೆ ನಾನು.

ಸಿಸೇರಿಯನ್ ಆಗಬೇಕೆಂದು ಡಾಕ್ಟರು ಹೇಳಿದಾಗ ತಂಗಿಯನ್ನು ಆಸ್ಪತ್ರೆಗೆ ಸೇರಿಸಿದೆವು. ಬೆಳಿಗ್ಗೆ ವಾರ್ಡಿಗೆ ಬಂದ ಡಾಕ್ಟರಮ್ಮ ತಂಗಿಯನ್ನು ಪರೀಕ್ಷೆ ಮಾಡಿ ಅವ್ವನ ಕಡೆ ತಿರುಗಿದರು.

"ನೀವು ಹೇಳಿದ್ರಲ್ಲಮ್ಮ, ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ನು, ಅದನ್ನೂ ಜೊತೆಗೇ ಮಾಡ್ಬಿಡೋಣ್ವಾ?"

"ಮಾಡ್ಬುಡಿ ಡಾಕ್ಟ್ರಮ್ಮ. ಒಂದೇ ಸಲಕ್ಕೆ ಮುಗ್ದೋಯ್ತದೆ."

ಅವ್ವ ಇದನ್ನು ಮೊದಲೇ ಮಾತಾಡಿಟ್ಟಿದ್ದಳೆಂದು ನನಗೆ ಗೊತ್ತಿರಲಿಲ್ಲ. ಮಂಚದ ಮೇಲೆ ಕುಳಿತಿದ್ದ ತಂಗಿ ಇಬ್ಬರ ತುಟಿಗಳನ್ನೂ ನೋಡುತ್ತಿದ್ದಳು. ಏನಂತೆ ಎಂದು ನನ್ನತ್ತ ಹುಬ್ಬು ಹಾರಿಸಿದಳು. ನಾನು ಕೈಯಲ್ಲಿ ಹೇಳಿದೆ.

ಅವಳು ಎರಡೂ ಕೈಗಳನ್ನೆತ್ತಿ ಮಾತಾಡತೊಡಗಿದಳು. ಅದನ್ನು ನಾನು ಹಾಗೆಯೇ ಬಾಯಲ್ಲಿ ಹೇಳಿದೆ: "ನನಗೆ ಬೇಡ. ನನ್ನನ್ನ ಯಾರೂ ಕೇಳಿಲ್ಲ. ಕೇಳದೆ ನನ್ನ ಹೊಟ್ಟೆ ಮುಟ್ಟಬೇಡಿ."

ಡಾಕ್ಟರಮ್ಮ ನನ್ನನ್ನು ನೋಡುತ್ತಾ, "ನಿಮ್ಮ ತಂಗಿಗೆ ಸ್ವಲ್ಪ ತಿಳಿಸಿ ಹೇಳಿ," ಎಂದರು.

"ಅವಳ ಮುಖ ನೋಡಿ ನೀವೇ ಕೇಳಿ ಮೇಡಂ. ನಾನು ಕೈಯಲ್ಲಿ ಹೇಳ್ತೀನಿ."

ಅವರು ಸ್ಟೂಲ್ ಎಳೆದುಕೊಂಡು ತಂಗಿಯ ಎದುರು ಕುಳಿತು, ಆ ಆಪರೇಷನ್ ಎಂದರೇನು, ಬೇಡವೆಂದರೆ ಬೇರೆ ದಾರಿಗಳು ಯಾವುವು ಎಂದು ಒಂದೊಂದಾಗಿ ವಿವರಿಸಿದರು. ತಂಗಿ ಪ್ರಶ್ನೆಗಳನ್ನು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಗಂಡನನ್ನು ಕರೆದು ಅವನಿಗೂ ಹೇಳಿದಳು. ಅವನು ಅವಳ ಕಡೆ ಬೆರಳು ತೋರಿಸಿದ. ಅವಳು ಹೇಳಿದ ಹಾಗೆ, ಎಂದರ್ಥ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಸಮಾನತೆ, ಘನತೆ, ಮಾನವ ಹಕ್ಕು ಎಂಬ ಪದಗಳನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಅವತ್ತು ಅವು ಯಾವುವೂ ನೆನಪಿಗೆ ಬರಲಿಲ್ಲ. ಅವಳ ಕೈ ಹೇಳಿದ್ದನ್ನು ತಪ್ಪಿಲ್ಲದೆ ನುಡಿಯುವುದರಲ್ಲೇ ನನ್ನ ಗಮನವಿತ್ತು.

ಸಿಸೇರಿಯನ್ ಮಾತ್ರ ಮಾಡಿದರು. ಹೆಣ್ಣು ಮಗು. ಅವ್ವ ಮೊಮ್ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು, ನನ್ನೊಂದಿಗೆ ಮಾತ್ರ ಬಹಳ ದಿನ ಮಾತು ಬಿಟ್ಟಿದ್ದಳು. ಮಗುವಿನ ಕಾಲು ತನ್ನ ಹೊಟ್ಟೆಗೆ ತಾಗುವಂತೆ ತಂಗಿ ಮಲಗುತ್ತಿದ್ದಳು. ಅದು ಮಿಸುಕಿದರೆ ಸಾಕು, ಎದ್ದು ಕೂರುತ್ತಿದ್ದಳು.

ಮಗು ಶಾಲೆಗೆ ಹೋಗತೊಡಗಿದ ಮೇಲೆ, ಇನ್ನೊಂದು ಬೇಡವೆಂದು ಗಂಡ ಹೆಂಡತಿ ಮಾತಾಡಿಕೊಂಡರು. ತಂಗಿ ತಾನಾಗಿ ಹೋಗಿ ಆ ಆಪರೇಷನ್ ಮಾಡಿಸಿಕೊಂಡು ಬಂದಳು.

"ಕೊನೆಗೆ ನಾನೇಳಿದ್ದೇ ಆಯ್ತಲ್ಲ! ಅವತ್ತೇ ಮಾಡ್ಸಿದ್ರೆ ಏನಾಗ್ತಿತ್ತು?" ಎಂದಳು ಅವ್ವ.

ನಾನು ಅದನ್ನು ತಂಗಿಗೆ ಹೇಳಿದೆ. ಅವಳಿಗೆ ಸಿಟ್ಟೇನೂ ಬರಲಿಲ್ಲ. ಅವ್ವನ ಪಕ್ಕದಲ್ಲಿ ಕುಳಿತು, ಅವಳಿಗೂ ಅರ್ಥವಾಗಲೆಂದು ನಿಧಾನವಾಗಿ ಕೈಯಾಡಿಸಿದಳು. ಅವತ್ತು ನೀನು ಹೇಳಿದೆ. ಇವತ್ತು ನಾನು ಹೇಳಿದೆ.

ಅವ್ವ ಅವಳ ಕೈಗಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹೇಳು ಅನ್ನು ಅವ್ಳಿಗೆ," ಎಂದಳು.