ಸೂರ್ಯನನ್ನು ಕಾಣದೆ ಉಣ್ಣದವರು

ನಮ್ಮ ಅತ್ತೆಯ ಹಿಮ್ಮಡಿಗಳ ಬಿರುಕಿನಲ್ಲಿ ಊರಿನ ಎರೆಮಣ್ಣು ಹಾಗೇ ಕೂತಿತ್ತು. ಮುಂಬಯಿಯ ನಲ್ಲಿ ನೀರಿಗೂ ಜಗ್ಗಲಿಲ್ಲ, ಕಲ್ಲಿನಿಂದ ಉಜ್ಜಿದರೂ ಜಗ್ಗಲಿಲ್ಲ. ಅವರ ಮುಖಕ್ಕಿಂತ ಮೊದಲು ನನಗೆ ಆ ಹಿಮ್ಮಡಿಗಳೇ ನೆನಪಾಗುತ್ತವೆ. ಯಾಕೆಂದರೆ ದಿನಾ ಬೆಳಗ್ಗೆ ನಮ್ಮ ಸಯನ್ ಚಾಳಿನ ಗಚ್ಚಿಯ ಮೇಲೆ ನಾನು ನಿಲ್ಲುತ್ತಿದ್ದದ್ದು ಅವರ ಬೆನ್ನ ಹಿಂದೆ. ಪಕ್ಕದ ಬಿಲ್ಡಿಂಗಿನ ನೀರಿನ ಟಾಕಿ ಪೂರ್ವಕ್ಕೆ ಅಡ್ಡ ಬರುತ್ತಿತ್ತು. ಅತ್ತೆ ತುದಿಗಾಲಲ್ಲಿ ಎದ್ದು, ಕತ್ತು ಚಾಚಿ, ಟಾಕಿಯ ಅಂಚಿನಿಂದ ಸೂರ್ಯ ಇಣುಕುವುದನ್ನೇ ಕಾಯುತ್ತಿದ್ದರು. ತಡವಾದರೆ ಬೈಗುಳವೂ ಇತ್ತು. ಊರಲ್ಲಿ ಇಷ್ಟು ಹೊತ್ತಿಗೆ ಮಾರುದ್ದ ಏರಿರುತ್ತಿದ್ದೆ, ಇಲ್ಲಿಗೆ ಬಂದು ನೀನೂ ಮೈಗಳ್ಳನಾದೆಯಾ ಎಂದು ನಮ್ಮ ಮನೆಯ ಗಂಡಸರಿಗೆ ಎಂದೂ ಆಡದ ಮಾತನ್ನು ಸೂರ್ಯನಿಗೆ ಆಡುತ್ತಿದ್ದರು.

ಅವನು ಕಂಡ ಮೇಲೆ ಕೈ ಮುಗಿದು ಒಂದು ಹಾಡು. ಯಾರು ಕಟ್ಟಿದ್ದೋ ಅವರಿಗೂ ತಿಳಿಯದು, ಅವರ ಅವ್ವ ಹಾಡುತ್ತಿದ್ದಳಂತೆ.

ತೆನಿಯಾಗ ಹಾಲಾದಿ, ಹಾಲಾಗ ಕಾಳಾದಿ,
ಕಾಳಾಗ ಕುಂತು ನಮ್ಮ ಹಸಿವಾದಿ.

ಮೊದಲ ಸಲ ಕೇಳಿದಾಗ ನನ್ನ ಮೈಮೇಲಿನ ಕೂದಲು ನಿಮಿರಿತ್ತು. ನಾನು ಧಾರವಾಡದಲ್ಲಿ ಮ್ಯಾಟ್ರಿಕ್ ಓದಿದವಳು, ದೇವರು ಎಲ್ಲೆಲ್ಲೂ ಇದ್ದಾನೆ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡವಳು. ದೇವರು ಕಾಳಾದ ಎಂದರೆ ಸರಿ, ಒಪ್ಪಬಹುದು. ನಮ್ಮ ಹಸಿವೂ ಅವನೇ ಎಂದರೆ! ಆ ಸಾಲನ್ನು ಅತ್ತೆ ಹಾಡುವಾಗ ನಾನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ.

ಹಾಡು ಮುಗಿದ ಮೇಲೆಯೇ ಬಾಯಿಗೆ ತುತ್ತು. ಅದಕ್ಕೆ ಮೊದಲು ಒಂದು ಗುಟುಕು ಚಹಾ ಕೂಡ ಇಲ್ಲ. ಮದುವೆಯಾದ ವರ್ಷ ಹಿಡಿದ ವ್ರತವಂತೆ. ವಿಜಾಪುರದ ಆಚೆಯ ಬಯಲುಸೀಮೆಯಲ್ಲಿ ಹಿಡಿದ ವ್ರತ. ಅಲ್ಲಿ ಆಷಾಢವೆಂದರೆ ಗಾಳಿಯ ತಿಂಗಳು, ಮೋಡ ಬಂದರೂ ನೆಂಟರ ಹಾಗೆ ಮುಖ ತೋರಿಸಿ ಹೋಗುತ್ತದೆ. ಸೂರ್ಯ ಒಂದು ದಿನ ಕಾಣದೇ ಇರಬಹುದು ಎಂಬ ಯೋಚನೆ ಆ ಸೀಮೆಯ ಯಾವ ಹೆಣ್ಣುಮಗಳಿಗೆ ಬಂದೀತು?

ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ಆದ್ದರಿಂದ ನನ್ನ ಚೊಚ್ಚಲ ಬಾಣಂತನಕ್ಕೆಂದು ಅತ್ತೆಯೇ ಬೇಸಿಗೆಯಲ್ಲಿ ಮುಂಬಯಿಗೆ ಬಂದರು. ಬಂದ ವಾರದಲ್ಲೇ ಚಾಳಿನವರಿಗೆಲ್ಲ ಪರಿಚಯವಾದರು. ಮೋರಿ ಪೈಪಿನ ಸಂದಿಯಲ್ಲಿ ಹುಟ್ಟಿದ್ದ ಅರಳಿ ಸಸಿಗೆ ಮೂರನೆಯ ಮಾಳಿಗೆಯಿಂದ ಬಗ್ಗಿ ನೀರು ಹಾಕುತ್ತಿದ್ದರು, ಅದು ಕೆಳಗಿನವರು ಒಣಗಹಾಕಿದ ಹಪ್ಪಳದ ಮೇಲೆ ಬೀಳುತ್ತಿತ್ತು. ಜಗಳಕ್ಕೆ ಬಂದವರಿಗೆ ಅತ್ತೆ ಕೈ ಮುಗಿದು, ಮಣ್ಣಿಲ್ಲದೆ ಗೋಡೆಯಲ್ಲಿ ಎದ್ದು ಬಂದಿದ್ದಾನಲ್ಲ, ಅವನಿಗೊಂದು ತಂಬಿಗೆ ನೀರೂ ಬೇಡವೇ ಎಂದು ಕೇಳಿದ್ದರು. ಲೋಕಲ್ ಗಾಡಿಯನ್ನು ನೋಡಿ ಮಾತ್ರ ಅವರಿಗೆ ಏನೂ ಅನ್ನಿಸಲಿಲ್ಲ. ಅದು ಮಂದಿ ಮಾಡಿದ್ದಲ್ಲವೇ ಎಂದುಬಿಟ್ಟರು.

ಜೂನಿನಲ್ಲಿ ಮಿರಗದ ಮಳೆ ಶುರುವಾಯಿತು. ಮೊದಲ ದಿನ ಅತ್ತೆ ಗ್ಯಾಲರಿಯಲ್ಲಿ ಎರಡೂ ಕೈ ಹೊರಗೆ ಚಾಚಿ ಮಗುವಿನ ಹಾಗೆ ನಕ್ಕರು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಮೋಡ ಹರಿಯಲಿಲ್ಲ. ಅಂದು ಊಟವಿಲ್ಲ. ನಾಳೆ ಬರುತ್ತಾನೆ ಬಿಡು ಎಂದು ಮಲಗಿದರು. ಮರುದಿನವೂ ಹಾಗೇ, ಹಗಲೋ ಇರುಳೋ ತಿಳಿಯದಂತೆ ಸುರಿಯಿತು. ನಮ್ಮವರು ಕುರ್ಲಾದ ಕಾರ್ಖಾನೆಯಿಂದ ತೊಯ್ದು ತೊಪ್ಪೆಯಾಗಿ ಬಂದವರು ಮೈ ಒರೆಸಿಕೊಳ್ಳದೆ ತಾಯಿಯ ಮುಂದೆ ಕೂತರು. ಅರ್ಧ ಲೋಟ ಹಾಲಾದರೂ ಕುಡಿಯೆಂದು ಎಷ್ಟು ಬೇಡಿಕೊಂಡರೂ ಅತ್ತೆ ತಲೆ ಅಲ್ಲಾಡಿಸಿದರು, ಅಷ್ಟೇ.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಅಮ್ಮ ಒಬ್ಬರಿದ್ದರು. ಅವರ ಯಜಮಾನರು ಮಾಟುಂಗಾದ ಹೋಟೆಲಿನಲ್ಲಿ ಭಟ್ಟರು. ಸುದ್ದಿ ಕೇಳಿ ಓಡಿ ಬಂದ ಆಕೆ, "ನಮ್ಮಲ್ಲಿ ಮಳೆ ಬಿಡದ ಆಟಿ ತಿಂಗಳಲ್ಲಿ ಇಂಥಾ ವ್ರತ ಹಿಡಿದ್ರೆ ಊರಿಗೆ ಊರೇ ಉಪವಾಸ ಸಾಯ್ಬೇಕಷ್ಟೆ ಮಾರಾಯ್ತಿ" ಎಂದು ನನಗೆ ಹೇಳಿ, ಅತ್ತೆಯ ಮುಂದೆ ಒಂದು ದೀಪ ಹಚ್ಚಿಟ್ಟರು. ಮಳೆಗಾಲದಲ್ಲಿ ದೀಪವನ್ನೇ ಸೂರ್ಯನೆಂದು ನೋಡಿದರೆ ದೋಷವಿಲ್ಲ ಎಂದು ನಯವಾಗಿ ತಿಳಿಸಿದರು. ಅತ್ತೆ ದೀಪಕ್ಕೆ ಕೈ ಮುಗಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಈ ದೀಪಾ ನಾವು ಹಚ್ಚಿದ್ದವ್ವಾ. ನಮ್ಮನ್ನ ಹಚ್ಚಿದಾಂವ ಬ್ಯಾರೆ ಅದಾನ."

ಮೂರನೆಯ ದಿನ ಅವರಿಗೆ ಏಳಲಾಗಲಿಲ್ಲ. ತುಟಿ ಒಣಗಿ ಬಿಳಿಚಿತ್ತು. ಹಾಡು ಗಂಟಲಿನಲ್ಲೇ ಗೊರಗೊರ ಎನ್ನುತ್ತಿತ್ತು. ನಮ್ಮವರು ಡಾಕ್ಟರನ್ನು ಕರೆತರಲು ಹೋದರು. ನಾನು ತುಂಬಿದ ಹೊಟ್ಟೆ ಹೊತ್ತು ಅವರ ಪಕ್ಕದಲ್ಲಿ ಕೂತಿದ್ದೆ. ಹೆದರಿಕೆ ಒಂದು ಕಡೆ, ಸಿಟ್ಟು ಒಂದು ಕಡೆ. ನನ್ನ ತಾಯಿಯನ್ನು ಕಳೆದುಕೊಂಡು ಇವರನ್ನು ತಾಯಿಯೆಂದುಕೊಂಡಿದ್ದೆ, ಇವರೂ ನನ್ನ ಕಣ್ಣೆದುರಿಗೇ ಹೊರಟುಹೋಗುತ್ತಾರಲ್ಲ! ಆಗಲೇ ಒಳಗಿನ ಕೂಸು ಜಾಡಿಸಿ ಒದೆಯಿತು. ಅತ್ತೆಯ ಕೈ ಹಿಡಿದೆಳೆದು ಅಲ್ಲೇ ಇಟ್ಟುಕೊಂಡೆ.

"ಅತ್ತೀ, ಇದು ಯಾವ ಸೂರ್ಯಾನ್ನ ನೋಡಿ ಉಣ್ಣಾಕ ಹತ್ತೇತಿ? ನೀವ ಹೇಳ್ರಿ."

ಯೋಚಿಸಿ ಆಡಿದ ಮಾತಲ್ಲ, ಸಿಟ್ಟಿನಲ್ಲಿ ಬಂದದ್ದು. ಅತ್ತೆ ಕಣ್ಣು ತೆರೆದರು. ಅಂಗೈಯನ್ನು ತೆಗೆಯಲಿಲ್ಲ, ಕೂಸು ಮತ್ತೆ ಒದೆಯುವವರೆಗೂ ಹಾಗೇ ಇದ್ದರು. ನೋಡುನೋಡುತ್ತಿದ್ದಂತೆ ಅವರ ಮುಖ ಬೇರೆಯಾಯಿತು. ನನ್ನನ್ನು ಗಚ್ಚಿಗೆ ಕರೆದುಕೊಂಡು ಹೋಗು ಎಂದರು.

ಉಡುಪಿಯ ಅಮ್ಮ ಒಂದು ಕಡೆ, ನಾನು ಒಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದೆವು. ಮೇಲೆ ಹೋದರೆ ಪೂರ್ವವೂ ಇಲ್ಲ, ಪಶ್ಚಿಮವೂ ಇಲ್ಲ. ಅಡ್ಡ ಬರುತ್ತಿದ್ದ ಟಾಕಿಯೇ ಕಾಣಿಸಲಿಲ್ಲ. ದೂರದ ಉಪ್ಪಿನ ಮಡಿಗಳು, ಅವುಗಳಾಚೆಯ ಸಮುದ್ರದ ಖಾಡಿ, ಚೆಂಬೂರಿನ ಗುಡ್ಡ ಎಲ್ಲವನ್ನೂ ಮಳೆ ನುಂಗಿ ಆಕಾಶದಿಂದ ನೆಲದವರೆಗೆ ಒಂದೇ ನೀರಾಗಿತ್ತು. ದಿನಾ ನೋಡುತ್ತಿದ್ದ ಊರೇ ಅದು, ಆದರೆ ಆ ಗಳಿಗೆಯಲ್ಲಿ ನನಗೆ ಮಾತನಾಡಲು ಭಯವಾಯಿತು. ಯಾರದೋ ಮನೆಯೊಳಗೆ ಕೇಳದೆ ಕಾಲಿಟ್ಟಂತೆ ಇತ್ತು.

ಅತ್ತೆ ನಮ್ಮ ಕೈ ಬಿಡಿಸಿಕೊಂಡು ನಿಂತರು. ಮುಖ ಮೇಲೆತ್ತಿದರು. ಅವರ ಊರಿನಲ್ಲಿ ಮಳೆ ತಪ್ಪಿದ ವರ್ಷ ಮಣ್ಣಿನ ಗುರ್ಜಿಯನ್ನು ಮಣೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಹೊತ್ತವಳ ಮೇಲೆ ಊರವರು ನೀರು ಸುರಿದು ಮಳೆಯನ್ನು ಬೇಡುತ್ತಾರೆ. ಹುಡುಗಿಯಾಗಿದ್ದಾಗ ಅತ್ತೆಯೂ ಹೊತ್ತವರು. ಅದನ್ನು ನೆನೆದರೋ ಏನೋ, ಗಳಗಳ ಅತ್ತರು.

"ನಾವು ಅಲ್ಲಿ ಕೂಗಿ ಕೂಗಿ ಬೇಡಿದ್ದೆಲ್ಲಾ ಇಲ್ಲಿ ಬಂದು ಬಿದ್ದೈತಿ ನೋಡ ತಂಗೀ. ಈ ನೀರು ಮ್ಯಾಲೆತ್ತಿದಾಂವ ಯಾರು? ಅವನ. ಎತ್ತಿದಾಂವ ಇಳಸಾಕ ಹತ್ಯಾನ. ನಾ ಮಾರಿ ತೋರಸು ಅಂತ ಹಟಾ ಹಿಡದೇನಿ, ಅಂವ ಮೈಯೆಲ್ಲಾ ತೋರಸಾಕ ಹತ್ಯಾನ."

ಆಮೇಲೆ ಆ ಸುರಿಯುವ ಮಳೆಯಲ್ಲೇ, ಗುಡುಗಿಗೂ ಜಗ್ಗದೆ, ತಮ್ಮ ಹಾಡನ್ನು ಪೂರ್ತಿ ಹಾಡಿದರು. ಮೂರು ದಿನ ಉಪವಾಸವಿದ್ದ ಮೈಯಲ್ಲಿ ಆ ದನಿ ಎಲ್ಲಿತ್ತೋ! ಉಡುಪಿಯ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಮುಗಿದ ಮೇಲೆ ಅತ್ತೆ ಬೊಗಸೆ ಒಡ್ಡಿ ತುಂಬಿದ್ದನ್ನು ಕುಡಿದರು. ಇನ್ನೊಮ್ಮೆ ಒಡ್ಡಿ ನನಗೂ ಕುಡಿಸಿದರು. ಕೆಳಗಿಳಿದು ಬಂದು, ರೊಟ್ಟಿ ಇದೆಯಾ ಎಂದು ಕೇಳಿದರು. ಡಾಕ್ಟರನ್ನು ಕರೆದುಕೊಂಡು ಬಂದ ನಮ್ಮವರು ಬಾಗಿಲಲ್ಲಿ ನಿಂತು ನೋಡಿದಾಗ ಅವರವ್ವ ರೊಟ್ಟಿಗೆ ಚಟ್ನಿಪುಡಿ ಹಚ್ಚಿಕೊಳ್ಳುತ್ತಿದ್ದರು.

ಮಗಳು ಹುಟ್ಟಿದಳು. ಅತ್ತೆ ಮತ್ತೆ ಊರಿಗೆ ಹೋಗಲಿಲ್ಲ, ನಮ್ಮಲ್ಲೇ ಉಳಿದರು. ಕೆಲವು ವರ್ಷಗಳಲ್ಲಿ ಅವರ ಎರಡೂ ಕಣ್ಣು ಹೋದವು. ದಿನಾ ಸೂರ್ಯನನ್ನು ನೋಡಿದ್ದಕ್ಕೋ, ವಯಸ್ಸಿಗೋ, ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ನಾನು ಒಳಗೊಳಗೇ ಕುದಿದೆ, ಇಷ್ಟು ನಂಬಿದವರಿಗೆ ಹೀಗಾಯಿತಲ್ಲ ಎಂದು. ಅತ್ತೆ ಮಾತ್ರ ಬೆಳಗ್ಗೆ ಗ್ಯಾಲರಿಯಲ್ಲಿ ಕೂತು ಕೆನ್ನೆಗೆ ಬಿಸಿಲು ತಾಗಿದೊಡನೆ ಹಾಡು ಎತ್ತುತ್ತಿದ್ದರು.

ಕೊನೆಯ ಶ್ರಾವಣದಲ್ಲಿ ಹಾಸಿಗೆ ಹಿಡಿದರು. ಒಂದು ಬೆಳಗ್ಗೆ ನಾನು ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಾಗ, ಬಂದಿದ್ದಾನೆಯೇ ಎಂದು ಕೇಳಿದರು. ಹೊರಗೆ ಮಳೆ ಜಡಿಯುತ್ತಿತ್ತು. ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. ಇಲ್ಲ ಅತ್ತೀ, ಮೋಡ ಕವಿದಿದೆ ಎಂದೆ.

ಅತ್ತೆ ನನ್ನ ಮಣಿಕಟ್ಟು ತಡವಿ ಹಿಡಿದುಕೊಂಡು ನಕ್ಕರು.

"ಬಂದಾನ ತಗೋ ಹುಚ್ಚೀ. ಉಣಸಾಕ ಕುಂತಾಂವ ಯಾರು ಮತ್ತ?"

ಬಾಯಿ ತೆರೆದರು. ನಾನು ಉಣಿಸಿದೆ. ಆ ವಾರವೇ ಹೋಗಿಬಿಟ್ಟರು.

ಆಮೇಲೆ ಎಷ್ಟೋ ಜನಕ್ಕೆ ಬಡಿಸಿದ್ದೇನೆ, ಮಕ್ಕಳಿಗೆ, ಬಂದವರಿಗೆ, ಬಾಗಿಲಿಗೆ ಬಂದು ಬೇಡಿದವರಿಗೆ. ಇವತ್ತಿಗೂ ಅನ್ನದ ಕೈ ಇನ್ನೊಬ್ಬರ ತಟ್ಟೆಯ ಮೇಲೆ ಬಂದಾಗ ಇದು ಯಾರ ಕೈ ಎಂದು ಒಂದು ಗಳಿಗೆ ನೋಡಿಕೊಳ್ಳುತ್ತೇನೆ.