ಕಂಬಳಿಯೊಳಗಿನ ಬೆವರು

ಬೆಳಿಗ್ಗೆ ಐದೂ ನಲವತ್ತಕ್ಕೆ ಕಾಡಸಿದ್ದ ಅಥಣಿಯ ತನ್ನ ಜಿಮ್ಮಿನಲ್ಲಿ ಅಕ್ಕನ ಮಗಳು ಸುಜಾತಾಳ ಮೈಗೆ ಎರಡನೆಯ ಕಂಬಳಿ ಸುತ್ತುತ್ತಿದ್ದ. ಎಂಟಕ್ಕೆ ಕುಸ್ತಿ ಆಯ್ಕೆಗೆ ತೂಕ ನೋಡುವವರಿದ್ದರು. ಐವತ್ಮೂರು ಕೆಜಿಯ ಗುಂಪಿಗೆ ಅವಳು ಇಳಿಯಲೇಬೇಕಿತ್ತು. ಇಳಿದು ಆಯ್ಕೆಯಾದರೆ ಕ್ರೀಡಾ ವಸತಿನಿಲಯದಲ್ಲಿ ಸೀಟು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಹಿಂದಿನ ಮಧ್ಯಾಹ್ನದಿಂದ ಅವಳು ನೀರು ಮುಟ್ಟಿರಲಿಲ್ಲ.

ಕಾಡಸಿದ್ದ ಐಗಳಿ ಎಂಬ ಹಳ್ಳಿಯ ಕುರಿ ಕಾಯುವ ಮನೆಯವನು, ಗರಡಿಯಲ್ಲಿ ಬೆಳೆದವನು. ಅಲ್ಲಿ ಕುಸ್ತಿ ಕಲಿಸುವ ವಸ್ತಾದನದು ಒಂದೇ ಕಟ್ಟಳೆ: ಬೆವರು ಆರುವ ತನಕ ನೀರಿಲ್ಲ, ಬೇಕಾದರೆ ಬಾಯಿ ಮುಕ್ಕಳಿಸಿ ಉಗುಳು. ಜಿಮ್ ತೆರೆದ ಮೇಲೂ ಕಾಡಸಿದ್ದ ಅದನ್ನು ಬಿಡಲಿಲ್ಲ. ದ್ರಾಕ್ಷಿ ತೋಟದ ಮನೆಯ ಭರತ ಬಾಟಲಿ ಹಿಡಿದು ಬಂದರೆ, "ಏನಲೇ, ಕಸರತ್ತಿಗೆ ಬಂದೀಯೋ, ಬಳ್ಳಿಗೆ ನೀರ ಬಿಡಾಕ ಬಂದೀಯೋ?" ಎನ್ನುತ್ತಿದ್ದ.

"ಬಳ್ಳಿ ಒಣಗಿದ್ರ ಅಪ್ಪ ಬಡೀತಾನ್ರಿ. ನಾ ಒಣಗಿದ್ರ ನೀವು ನಗ್ತೀರಿ," ಎಂದು ಭರತ ಕದ್ದು ಗುಟುಕರಿಸುತ್ತಿದ್ದ.

ಸುಜಾತಾ ಕಂಬಳಿ ಹೊದ್ದೇ ಟ್ರೆಡ್‌ಮಿಲ್ ಮೇಲೆ ಓಡಿದಳು. ಕಿಟಕಿಗಳನ್ನೆಲ್ಲ ಕಾಡಸಿದ್ದ ಮುಚ್ಚಿದ್ದ.

"ಮಾಮಾ, ಒಂದ ಗುಟುಕ."

"ತೂಕ ಆದಮ್ಯಾಲ ಒಂದ ಕೊಡಾ ಕುಡಿ, ಬೇಕಾದ್ರ ಕೊಡಾನೂ ನುಂಗು. ಈಗ ಬ್ಯಾಡವ್ವಾ."

ಅವಳು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಅವನು ಅವಳ ಕುತ್ತಿಗೆ ಮುಟ್ಟಿ ನೋಡಿದ. ಚರ್ಮ ಬಿಸಿಯಾಗಿತ್ತು, ಆದರೆ ಒಣಗಿತ್ತು. ಬೆವರು ನಿಂತರೆ ಮೈ ಪಳಗಿತು ಎಂದು ಗರಡಿಯಲ್ಲಿ ಹೇಳುತ್ತಿದ್ದರು. ಅವನೂ ಹಾಗೇ ತಿಳಿದ. ನಿಜವಾಗಿ ಮೈ ತನ್ನನ್ನು ತಣಿಸಿಕೊಳ್ಳುವ ಶಕ್ತಿ ಕಳೆದುಕೊಂಡಿತ್ತು, ಕಾವು ಒಳಗೇ ಏರುತ್ತಿತ್ತು.

"ಮಾಮಾ, ಕುರಿ ಎಲ್ಲಿ ಹೋದ್ವು?" ಎಂದಳು. ಮರುಕ್ಷಣ ಬಿದ್ದಳು.

ಕಂಬಳಿ ಕಿತ್ತೆಸೆದು ಅವಳ ತುಟಿಗೆ ಬಾಟಲಿ ಹಿಡಿದ. ನೀರು ಗಲ್ಲದ ಮೇಲೆ ಹರಿದುಹೋಯಿತು. "ಕುಡಿಯವ್ವಾ, ನಾನ ಹೇಳಾಕತ್ತೀನಿ, ಕುಡಿ!" ಎಂದು ಕೂಗಿದ. ಅವಳಿಗೆ ಕೇಳಿಸಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಪಕ್ಕದ ಓಣಿಯ ಆಸ್ಪತ್ರೆಗೆ ಬರಿಗಾಲಲ್ಲಿ ಓಡಿದ.

ಡಾಕ್ಟರು ಮಂಜುಗಡ್ಡೆ ಇಡಿಸಿ ಸಲಾಯಿನ್ ಏರಿಸಿದರು. "ಕಿಡ್ನಿಗೆ ಪೆಟ್ಟು ಬಿದ್ದೈತಿ. ಮೂತ್ರ ಬರೋತನಕ ನಾ ಏನೂ ಹೇಳಾಕ ಆಗಂಗಿಲ್ರಿ," ಎಂದರು.

ಎಂಟು ಗಂಟೆ ದಾಟಿದ್ದು ಕಾಡಸಿದ್ದನಿಗೆ ತಿಳಿಯಲಿಲ್ಲ. ಮಂಚಕ್ಕೆ ತೂಗುಹಾಕಿದ ಮೂತ್ರದ ಖಾಲಿ ಚೀಲವನ್ನೇ ನೋಡುತ್ತ ನೆಲದ ಮೇಲೆ ಕುಳಿತಿದ್ದ. ಮಧ್ಯಾಹ್ನವಾದರೂ ಅದು ಖಾಲಿಯೇ ಇತ್ತು. ಸಂಜೆಗೆ ಕಪ್ಪು ಚಹಾದ ಬಣ್ಣದ ಕೆಲವು ಹನಿಗಳು ನಳಿಗೆಯಲ್ಲಿ ಇಳಿದವು. "ಬಂತ್ರಿ," ಎಂದು ನರ್ಸ್ ಹೇಳಿದಾಗ ಅವನು ಗೋಡೆಗೆ ತಲೆಯಿಟ್ಟು ಅತ್ತ.

ಸುಜಾತಾ ಉಳಿದಳು. ಕುಸ್ತಿ ಉಳಿಯಲಿಲ್ಲ, ಡಾಕ್ಟರು ಬೇಡವೆಂದರು.

ಈಗ ಜಿಮ್ಮಿನ ಬಾಗಿಲಲ್ಲಿ ಮಣ್ಣಿನ ಹರವಿ ಇದೆ. ಒಂದು ಲೋಟ ನೀರು ಕುಡಿಯದೆ ಯಾರೂ ಒಳಗೆ ಕಾಲಿಡುವಂತಿಲ್ಲ, ನಡುನಡುವೆಯೂ ಕುಡಿಯಲೇಬೇಕು. ಭರತ ಮರೆತರೆ ಕಾಡಸಿದ್ದನೇ ತುಂಬಿಸಿ ತಂದು ಕೊಡುತ್ತಾನೆ. ಏಕೆಂದು ಯಾರಾದರೂ ಕೇಳಿದರೆ ಅವರ ಕೈಗೂ ಒಂದು ಲೋಟ ಕೊಡುತ್ತಾನೆ.

ಅಂದು ಆಸ್ಪತ್ರೆಯಲ್ಲಿ ಅವನು ಉತ್ತರ ಕೊಟ್ಟದ್ದು ಐಗಳಿಯಿಂದ ಓಡಿಬಂದ ಅಕ್ಕ ಮಲಕವ್ವನಿಗೆ ಮಾತ್ರ. ಅವಳು ಬೈಯಲಿಲ್ಲ. ಮಗಳ ಬಿರಿದ ತುಟಿಗೆ ಒದ್ದೆ ಸೆರಗು ಒತ್ತುತ್ತ ಕೇಳಿದ್ದಳು:

"ಎಷ್ಟ ಇಳೀಬೇಕಿತ್ತೋ ತಮ್ಮಾ, ತೂಕ?"

"ಅಕ್ಕಾ... ಒಂಬೈನೂರ ಗ್ರಾಂ."